ಚುಕ್ಕೆ ಗುರುತಿನ ಕತ್ತಿ

ಹಳೆಯ ವಸ್ತು ಕೈಗೆ ಸಿಕ್ಕರೆ ಅದರ ಕುಲಗೋತ್ರ ಕೇಳದೆ ಬಿಡುವ ಜಾಯಮಾನ ನನ್ನದಲ್ಲ. ಗಡಿಯಾರವಾಗಲಿ, ಬೀಗವಾಗಲಿ, ಮಾಡಿದವರು ಯಾರೆಂದು ತಿಳಿಯುವ ತನಕ ನನಗೆ ಊಟ ರುಚಿಸುವುದಿಲ್ಲ. "ಮನುಷ್ಯರನ್ನ ಇಷ್ಟು ವಿಚಾರ್ಸಿದ್ರೆ ನಾಲ್ಕು ಜನ ನೆಂಟರಾದ್ರೂ ಉಳೀತಿದ್ರು" ಎನ್ನುತ್ತಾಳೆ ನನ್ನ ಹೆಂಡತಿ ಶೈಲಾ.

ಕಳೆದ ತಿಂಗಳು ಸೊರಬದ ಕಡೆ ಹೊಸಬಾಳೆಯಲ್ಲಿರುವ ಅವಳ ತವರಿನ ಅಟ್ಟ ಗುಡಿಸುವಾಗ ಮಡಚುವ ಕ್ಷೌರದ ಕತ್ತಿಯೊಂದು ಸಿಕ್ಕಿತು. ಕೊಂಬಿನ ಹಿಡಿ, ತುಕ್ಕೇ ಇಲ್ಲದ ಅಲಗು. "ತಗೊಳ್ರಿ, ಇಲ್ಲಿ ಯಾರಿಗ್ ಬೇಕಾಗೈತೆ" ಎಂದಳು ಶೈಲಾ. ನಮ್ಮೂರು ಶಿಕಾರಿಪುರಕ್ಕೆ ತಂದು, ಹಿಡಿಯ ಬಳಿ ಸವೆದಂತಿದ್ದ ಗುರುತಿಗೆ ದೇವರ ಮುಂದಿನ ವಿಭೂತಿ ತೀಡಿದೆ. ಅಕ್ಷರ ಮೂಡಲಿಲ್ಲ, ಸಾಲಾಗಿ ಬಿಳಿ ಚುಕ್ಕೆಗಳು ಮೂಡಿದವು. ನಾನು ಮಂಡಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಕಾಳು ಕಡಿದು ತೇವ ಹೇಳಬಲ್ಲೆ, ಆದರೆ ಕತ್ತಿಯನ್ನು ಕಡಿದು ನೋಡುವಂತಿರಲಿಲ್ಲ. ಫೋಟೊ ತೆಗೆದು ಹಳೆ ಸಾಮಾನಿನ ಹುಚ್ಚರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ಇಂಗ್ಲೆಂಡ್ ಎಂದರು, ಇನ್ನೊಬ್ಬರು ಜರ್ಮನಿ ಎಂದರು. ಮಂಡಿಯಲ್ಲಿ ನಾನು ಜರ್ಮನಿಯನ್ನೇ ಕಾಯಂ ಮಾಡಿದೆ.

ಜರ್ಮನಿಯ ಮಾಲೆಂದ ಮೇಲೆ ಬಳಸದಿರಲಾದೀತೇ? ದಿನಾ ಬೆಳಿಗ್ಗೆ ಅದರಲ್ಲೇ ಗಡ್ಡ ಹೆರೆಯತೊಡಗಿದೆ. ಕೈ ನಡುಗಿದರೂ ಗಾಯವಿಲ್ಲ, ತೊಟ್ಟು ರಕ್ತವಿಲ್ಲ. ಬಿಸಿನೀರಿನಲ್ಲಿ ಅದ್ದಿದರೂ ಅಲಗು ತಣ್ಣಗೇ ಇರುತ್ತಿತ್ತು. ಕೆನ್ನೆಯ ಮೇಲೆ ಅದು ತಾನಾಗಿಯೇ ಹೋಗುತ್ತಿದೆ, ನನ್ನ ಕೈ ಸುಮ್ಮನೆ ಜೊತೆಗಿದೆ ಎನ್ನಿಸಿ ಮೈ ಜುಮ್ಮೆಂದದ್ದೂ ಉಂಟು. "ನಿಮ್ ಮುಖ ಯಾಕ್ರೀ ಹಿಂಗಾಗೈತೆ? ಭಾಳ ಶಾಂತ ಕಾಣ್ತೀರಿ" ಎಂದಳು ಶೈಲಾ. ಹೊಗಳಿಕೆ ಎಂದುಕೊಂಡೆ. ಎದುರುಮನೆಯ ಹಿರಿಯರು ನನ್ನನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದದ್ದನ್ನೂ ಗೌರವವೆಂದೇ ಜಮಾ ಮಾಡಿಕೊಂಡೆ.

ಆದರೂ ಮಾಡಿದವನ ಹೆಸರು ಸಿಗಬೇಕಲ್ಲ! ಅದನ್ನು ಹೇಳಬಲ್ಲವರು ಶೈಲಾಳ ದೊಡ್ಡಮ್ಮ, ಆ ಮನೆಯ ಹಿರಿಯ ಸೊಸೆ. ಕತ್ತಿಯನ್ನು ಜೇಬಿಗಿಟ್ಟು ಹೊಸಬಾಳೆಗೆ ಹೋದೆ. ಕಣ್ಣು ಮಂಜಾಗಿರುವ ಅವರು ಕತ್ತಿ ಮುಟ್ಟಿದ್ದೇ ನೆಟ್ಟಗೆ ಕೂತರು.

"ಇದ್ನ ಮಾಡಿದ್ದು ಇದೇ ಊರಿನ ಕಮ್ಮಾರ, ಅಳಿಯಂದ್ರೇ. ಹೆಸ್ರು ಕೊರೆಯೋಕೆ ಒಪ್ಲಿಲ್ವಂತೆ. ಈ ಮನೇಲಿ ಗಂಡಸ್ರು ತೀರ್ಕೊಂಡ್ರೆ, ಸ್ನಾನ ಮಾಡ್ಸಿ ಸಮಾಧೀಲಿ ಕೂರ್ಸೋಕ್ ಮುಂಚೆ ಮುಖ ಹೆರೆಯೋ ಕತ್ತಿ ಇದು. ಬದುಕಿದ್ದೋರಿಗೆ ತಾಗ್ಸಲ್ಲ, ಮನೆ ಹೆಣ್ಮಕ್ಳಿಗೆ, ಅಳಿಯಂದ್ರಿಗೆ ತೋರ್ಸೋದೂ ಇಲ್ಲ."

ನನ್ನ ಜರ್ಮನಿ ಅಲ್ಲೇ ಕುಸಿಯಿತು. "ಹಾಗಾದ್ರೆ ಈ ಚುಕ್ಕೆ?" ಎಂದೆ.

"ಒಂದೊಂದ್ ಮುಖಕ್ಕೆ ಒಂದೊಂದು. ಯಾರೂ ಹಾಕಲ್ಲ, ತಾನೇ ಬೀಳ್ತದೆ ಅಂತಿದ್ರು ನಮ್ಮತ್ತೆ." ದೊಡ್ಡಮ್ಮ ಉಗುರಿನಿಂದ ಚುಕ್ಕೆಗಳನ್ನು ತಡವುತ್ತ ಹೋದರು. "ಇದು ನಮ್ ಮಾವ... ಇದು ನಮ್ಮನೆಯವ್ರು... ಇದು ಹೋದ್ವರ್ಷ ನಿಮ್ ಮಾವ..." ಉಗುರು ಮುಂದೆ ಸರಿದು ನಿಂತಿತು. "ಇಲ್ಲೊಂದು ಹೊಸ್ದಿದೆಯಲ್ಲ, ಇದ್ಯಾರ್ದು?"

ನನಗೆ ನಿಜಕ್ಕೂ ಹೆದರಿಕೆಯಾಯಿತು. ನುಣ್ಣನೆಯ ಕೆನ್ನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಹಲ್ಲುನೋವೆಂದು ಹೇಳಿ, ಕತ್ತಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಕಂಡಕ್ಟರು ಮುಂದಿನ ಸೀಟಿನವರಿಗೆ ಟಿಕೆಟ್ ಕೊಟ್ಟರು, ಹಿಂದಿನವರಿಗೆ ಕೊಟ್ಟರು, ನನ್ನನ್ನು ಮಾತ್ರ ದಾಟಿ ಹೋದರು. ಬೇರೆ ದಿನವಾಗಿದ್ದರೆ ಕಿಟಕಿಯ ಕಡೆ ತಿರುಗಿ ನಿದ್ದೆ ನಟಿಸುವ ಆಸಾಮಿ ನಾನು. ಅವತ್ತು ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ: "ರೀ ಕಂಡಕ್ಟ್ರೇ, ನಾನೂ ಇದ್ದೀನ್ರೀ! ನನಗೂ ಒಂದು ಟಿಕೆಟ್ ಕೊಡ್ರಿ!"