ಹಳೇ ಸೀಲಿಂಗಿಗೆ ಮೂರು ಅಂಟು

ತಲೆ ಮೇಲಿನ ಕೆಲಸ ಮಾಡುವವನಿಗೆ ಮಾನ ಯಾವಾಗ ಉದುರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ನನ್ನದಂತೂ ವರ್ಷಕ್ಕೆರಡು ಸಲವಾದರೂ ಉದುರುತ್ತಿತ್ತು.

ನಾನು ತಿಪಟೂರಿನ ಗಾರೆ ಕೆಲಸದವನು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆಗೂ ಜಿಪ್ಸಂ ಹಲಗೆ ಬಂತು. ಹಳೇ ಮನೆಗಳ ಸುಣ್ಣದ ಗಾರೆ ಸೀಲಿಂಗು ಊಟದ ತಟ್ಟೆಗೇ ಉದುರುತ್ತಿತ್ತು. ಅದನ್ನು ಕೆಡವದೆ ಮೇಲೇ ಹಲಗೆ ಅಂಟಿಸಿ ಮುಚ್ಚುವುದನ್ನು ಬೆಂಗಳೂರಲ್ಲಿ ಮೂರು ತಿಂಗಳು ಕಲಿತು ಬಂದೆ. ಯಾವ ಗಾರೆಗೆ ಯಾವ ಅಂಟು ಅನ್ನುವುದೊಂದನ್ನು ಕಲಿತಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಬಾಡಿಗೆ ರೂಮಿನಲ್ಲಿ ನಾನೊಬ್ಬನೇ. ಹಾಗಾಗಿ ಮಾತು ಅಂತ ಆಡಿದ್ದೆಲ್ಲ ಬೇರೆಯವರ ಮನೆಯಲ್ಲಿ, ಏಣಿ ಮೇಲಿಂದಲೇ.

ಬಿಳಿ ಗಮ್ಮು

ಮೊದಲ ಕೆಲಸ ತಿಪಟೂರಿನಲ್ಲೇ, ಕೊಬ್ಬರಿ ವ್ಯಾಪಾರದ ಯಜಮಾನರೊಬ್ಬರ ಮನೆಯಲ್ಲಿ. ಬಡಗಿಗಳು ಮರಕ್ಕೆ ಹಚ್ಚುವ ಬಿಳಿ ಗಮ್ಮು ಗಟ್ಟಿ ಅಂತ ಅಂಗಡಿಯವರು ಹೇಳಿದ್ದರು. ಧಾರಾಳವಾಗಿ ಬಳಿದು ಹಲಗೆ ಒತ್ತಿ ಹಿಡಿದೆ, ನಿಂತಿತು. ಯಜಮಾನರು ಮಂಚದ ಮೇಲೆ ಅಂಗಾತ ಮಲಗಿ ನೋಡಿ ಮೆಚ್ಚಿಕೊಂಡು ಕಾಫಿ ಕೊಡಿಸಿದರು.

ಮಾರನೇ ಬೆಳಗ್ಗೆ ಹೇಳಿ ಕಳಿಸಿದರು. ಅವರು ಹಲ್ಲುಜ್ಜಲು ಎದ್ದು ಹೋದಾಗ ಹಲಗೆ ಅದೇ ಮಂಚದ ಮೇಲೆ ಬಂದು ಮಲಗಿತ್ತು. ತಿರುಗಿಸಿ ನೋಡಿದರೆ ಅದರ ಬೆನ್ನಿಗೆ ಅವರ ತಾತನ ಕಾಲದ ಸುಣ್ಣವೆಲ್ಲ ಪದರಪದರವಾಗಿ ಅಂಟಿಕೊಂಡಿತ್ತು. ನಾನು ತಲೆ ತಗ್ಗಿಸಿ, ಗಮ್ಮು ಕೈಕೊಟ್ಟಿತು ಅಂದೆ. ಯಜಮಾನರು ಉಗುರಿನಿಂದ ಕೆರೆದು ನೋಡಿದರು.

"ಗಮ್ಮಿಗೆ ಏನೂ ಅನ್ಬೇಡ ಕಣಪ್ಪ. ಅದು ಹಿಡಿದಿದ್ದನ್ನ ಬಿಟ್ಟಿಲ್ಲ. ಬಿಟ್ಟಿರೋದು ನಮ್ಮನೆ."

ಅಳತೆ

ಆಮೇಲೆ ಬುದ್ಧಿ ಬಂತು. ಗಟ್ಟಿ ಗಾರೆ ಸಿಗುವ ತನಕ ಸುಣ್ಣ ಕೆರೆದು, ನೀರಲ್ಲಿ ಕಲಸುವ ಪುಡಿ ಅಂಟು ಹಿಡಿದೆ. ಅದು ಹಿಡಿದರೆ ಬಿಡುವುದಿಲ್ಲ, ಆದರೆ ಹಿಡಿಯಲು ಅರ್ಧ ಗಂಟೆ ಬೇಕು. ಅಲ್ಲಿತನಕ ಹಲಗೆಗೆ ಬೊಂಬು ಆನಿಸಬೇಕು. ತುರುವೇಕೆರೆಯಲ್ಲಿ ಒಬ್ಬ ಟೈಲರ್ ಸಾಹೇಬರ ಅಂಗಡಿಗೆ ಹೋದ ದಿನ ಬೊಂಬು ಮರೆತಿದ್ದೆ. ಎರಡೂ ಕೈ ಎತ್ತಿ ಹಲಗೆ ಹೊತ್ತು ನಿಂತೆ.

ಹಬ್ಬಕ್ಕೆ ಬಟ್ಟೆ ಹೊಲಿಸಿದಿರಾ ಅಂತ ಸಾಹೇಬರು ಕೇಳಿದರು. ಅವ್ವ ಹೋದ ಮೇಲೆ ಹೊಲಿಸೇ ಇಲ್ಲ, ಯಾರು ನೋಡಬೇಕು ಅಂದೆ. ಅವರು ಮಿಷನ್ ನಿಲ್ಲಿಸಿದರು. ಎದ್ದು ಬಂದು, ಹೇಗೂ ಸುಮ್ಮನೆ ನಿಂತಿದೀರಲ್ಲ ಅನ್ನುತ್ತ ಟೇಪು ಹಿಡಿದು ತೋಳು, ಎದೆ, ಉದ್ದ ಎಲ್ಲ ಅಳೆದರು. ನನ್ನ ಮೈಗೆ ಯಾರಾದರೂ ಕೈ ತಾಗಿಸಿ ಎಷ್ಟೋ ದಿನವಾಗಿತ್ತು. ಕಣ್ಣಲ್ಲಿ ನೀರು ಬಂತು; ಗಾರೆ ಬಿತ್ತು ಅಂದೆ.

ಹಬ್ಬದ ಹಿಂದಿನ ದಿನ ಅಂಗಿ ಕೊಟ್ಟರು, ಹೊಲಿಗೆ ಕೂಲಿ ಮುಟ್ಟಲಿಲ್ಲ. ಹಾಕಿಕೊಂಡರೆ ಹೆಗಲು ಜೋತು ಬಿತ್ತು, ತೋಳು ಬೆರಳನ್ನೇ ನುಂಗಿತು. ಕೈ ಎತ್ತಿದರೆ ಮಾತ್ರ ಒಪ್ಪವಾಗಿ ಕೂರುತ್ತಿತ್ತು. ಸಾಹೇಬರು ಹಿಂದೆ ಸರಿದು ನೋಡಿ ಹೇಳಿದರು:

"ಕರೆಕ್ಟಾಗೈತೆ ಕಣ್ರೀ. ನಾನು ನಿಮ್ಮನ್ನ ನೋಡಿದ್ದೇ ಹಂಗೆ."

ಹಳದಿ ಗಮ್ಮು

ದಬ್ಬೇಘಟ್ಟದ ಮನೆಯಲ್ಲಿ ಅಣ್ಣ, ತಂಗಿ ಇಬ್ಬರೇ. ಅಣ್ಣ ಹಗಲೆಲ್ಲ ತೋಟದಲ್ಲಿ. ತಂಗಿ ಅಂಗನವಾಡಿ ಟೀಚರು, ಗಂಡ ತೀರಿಕೊಂಡು ಆರು ವರ್ಷ. ಮಧ್ಯಾಹ್ನ ಬಂದು ಏಣಿ ಹಿಡಿದುಕೊಂಡು, ಈ ಅಂಟು ಯಾಕೆ, ಆ ಅಂಟು ಯಾಕಲ್ಲ ಅಂತ ಕೇಳುತ್ತಿದ್ದರು. ಅಷ್ಟು ಆಸಕ್ತಿಯಿಂದ ನನ್ನ ಮಾತು ಕೇಳಿದವರು ಅವರೊಬ್ಬರೇ. ಮೂರು ದಿನದ ಕೆಲಸ ಎಂಟು ದಿನಕ್ಕೆ ಎಳೆದೆ. ಅಣ್ಣ ಕೇಳಿದರೆ, ಅಂಟು ಇನ್ನೂ ಒಣಗಬೇಕು ಅನ್ನುತ್ತಿದ್ದೆ.

ಆ ಗಾರೆಗೆ ಹಚ್ಚಿದ್ದು ರೆಕ್ಸಿನ್ ಅಂಟಿಸುವ ಹಳದಿ ಗಮ್ಮು. ಸ್ವಲ್ಪ ಆರಲು ಬಿಟ್ಟು ಒತ್ತಿದರೆ ತಕ್ಷಣ ಕಚ್ಚುತ್ತದೆ. ಕೊನೇ ದಿನ ಕೊನೇ ಹಲಗೆಯನ್ನು ನಡುನೆತ್ತಿಯಿಂದ ಒತ್ತಿ ಹಿಡಿದು ಸ್ಕ್ರೂ ಹಾಕುತ್ತಿದ್ದೆ. ಇವತ್ತು ಕೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿತು.

"ಟೀಚರೇ, ಒಂದು ಮಾತು ಕೇಳ್ಲಾ?"

"ಕೇಳಿ." ಅವರ ದನಿ ಸಣ್ಣಗಾಗಿತ್ತು.

ಇಂಥ ಮಾತನ್ನು ಎದುರು ನಿಂತು ಕೇಳಬೇಕು ಅಂತ ಒಂದು ಮೆಟ್ಟಿಲು ಇಳಿದೆ. ಮೈ ಇಳಿಯಿತು, ತಲೆ ಇಳಿಯಲಿಲ್ಲ. ಎರಡು ಹಲಗೆಗಳ ಸಂದಿಯಿಂದ ಇಳಿದ ಗಮ್ಮು ಕೂದಲನ್ನು ಕಚ್ಚಿ ಹಿಡಿದಿತ್ತು. ಎಳೆದೆ. ಕಣ್ಣು ಕತ್ತಲಾಯಿತು. ಕೆಳಗೆ ಅವರು ಕಾಯುತ್ತಲೇ ಇದ್ದರು.

"ಒಂದು ಕತ್ತರಿ ಕೊಡ್ತೀರಾ?" ಅಂದೆ.

ಅವರು ಸ್ಟೂಲು ಹತ್ತಿ, ನಗು ತಡೆದುಕೊಂಡು ಕತ್ತರಿಸಿದರು. ಕೂದಲ ಕುಚ್ಚೊಂದು ಸೀಲಿಂಗಿನಲ್ಲೇ ಉಳಿಯಿತು.

"ಇದೇನಾ ಕೇಳ್ಬೇಕು ಅಂತಿದ್ದದ್ದು?"

ಹೂಂ, ಇದೇ ಅಂದುಬಿಟ್ಟೆ. ಅವರು ಕತ್ತರಿಗೆ ಹತ್ತಿದ ಗಮ್ಮನ್ನು ಬೆರಳಿನಿಂದ ಉಜ್ಜಿ ಉಜ್ಜಿ ತೆಗೆದು, ಆಮೇಲೆ ಒಳಗೆ ಹೋದರು.

ಎರಡು ತಿಂಗಳೊಳಗೆ ಅವರಿಗೆ ಹುಳಿಯಾರಿನ ಕಡೆ ಸಂಬಂಧ ಕೂಡಿಬಂತು. ಅಣ್ಣನೇ ರೂಮಿನ ತನಕ ಬಂದು ಪತ್ರಿಕೆ ಕೊಟ್ಟರು. ಹೋದೆ. ಅಕ್ಷತೆ ಹಾಕುವಾಗ ಟೀಚರು ಮದುಮಗನಿಗೆ ನನ್ನನ್ನು ತೋರಿಸಿ, ನಮ್ಮನೆ ಸೀಲಿಂಗಿನಲ್ಲಿರೋ ಕೂದಲು ಇವರದೇ ಅಂದರು. ಮದುಮಗ ಒಳ್ಳೇ ಮನುಷ್ಯ. ನಗಲಿಲ್ಲ. ನನ್ನ ನೆತ್ತಿಯನ್ನು ಪರೀಕ್ಷಿಸಿ ನೋಡಿ, ನನ್ನ ಕೈ ಹಿಡಿದು ಸಮಾಧಾನ ಹೇಳಿದರು:

"ಹೋಗಿದ್ದು ಹೋಯ್ತು ಬುಡಿ. ನಿಮಗೂ ಬತ್ತದೆ."