ಧ್ಯಾನಕ್ಕೆ ಮುಂಚೆ ಏನು ತಿಂದಿರಿ?

ಅಂದು ಮಂಗಳವಾರ. ಯಲಹಂಕದ ನಮ್ಮ ಶಾಲೆಯಲ್ಲಿ ಮೂರನೇ ಪೀರಿಯಡ್ಡು, ಐದನೇ ತರಗತಿಗೆ ಭಿನ್ನರಾಶಿ. ಕಪ್ಪುಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದಾಗ ನಾನಿದ್ದ ಮನೆಯ ಮಾಲೀಕರಾದ ಗೌಡರು ಬಾಗಿಲಲ್ಲಿ ಬಂದು ನಿಂತರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಹೆಂಡತಿ ಬಾವಿಕಟ್ಟೆಯ ಬಳಿ ಕುಸಿದು ಬಿದ್ದಿದ್ದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದಿನಿಂದ ಕಣ್ಣು ಮುಚ್ಚಿದರೆ ಬಾವಿಕಟ್ಟೆ ಕಾಣುತ್ತಿತ್ತು. ಹಾಗಾಗಿ ನಿದ್ದೆಯೂ ಹತ್ತುತ್ತಿರಲಿಲ್ಲ. ನನಗೆ ಬೇಕಾಗಿದ್ದು ಮೋಕ್ಷವಲ್ಲ. ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಇರುವುದು, ಅಷ್ಟೆ. ಅದನ್ನು ಕಲಿಯಲು ಹೊರಟವನಿಗೆ ಈ ಕೆಳಗಿನ ಪ್ರಸಂಗಗಳು ಒಂದರ ಹಿಂದೆ ಒಂದು ಎದುರಾಗುತ್ತ ಹೋದವು.

ಯಶವಂತಪುರದಲ್ಲಿ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದ ಒಬ್ಬರು ಪ್ರತಿ ಭಾನುವಾರ ನಮ್ಮ ಶಾಲೆಗೆ ಬಂದು ಧ್ಯಾನ ಹೇಳಿಕೊಡುತ್ತಿದ್ದರು. ಶುರುವಿಗೆ ಒಂದು ಸೀಟಿ, ಮುಗಿದಾಗ ಒಂದು ಸೀಟಿ. ಕಲಿಯುವವರು ನಾವು ಐದು ಜನ. ಹೆಡ್‌ಮಾಸ್ಟರು, ಪೋಸ್ಟ್‌ಮಾಸ್ಟರು, ಮಂಡಿಯ ವ್ಯಾಪಾರಿಗಳಿಬ್ಬರು, ನಾನು. ಗಾರ್ಡರು ಯಾರನ್ನೂ "ಹೇಗಿದ್ದೀರಿ?" ಎಂದು ಕೇಳಿದವರಲ್ಲ. "ಏನು ತಿಂದಿರಿ?" ಎಂದೇ ಕೇಳುತ್ತಿದ್ದರು.

ಈರುಳ್ಳಿ

ಮೊದಲ ದಿನವೇ ನನಗೆ ಹೇಳಿದರು. "ಇಂಜಿನ್ನಿಗೆ ಎಂಥ ಕಲ್ಲಿದ್ದಲು ಹಾಕ್ತೀವೋ ಅಂಥ ಹೊಗೆ ಬರುತ್ತೆ ಮೇಷ್ಟ್ರೇ. ಈರುಳ್ಳಿ, ಬೆಳ್ಳುಳ್ಳಿ ಬಿಡಿ. ಒಂದು ತಿಂಗಳು ನೋಡಿ."

ಬಿಟ್ಟೆ. ಶಾಲೆಯ ಗಡಿಯಾರ ಎದುರಿಗೇ ಇದ್ದುದರಿಂದ ನಡುನಡುವೆ ಕದ್ದು ನೋಡಿ ಮನಸ್ಸು ಎಲ್ಲೆಲ್ಲಿ ಹೋಗುತ್ತದೆಂದು ಗುರುತಿಟ್ಟುಕೊಂಡೆ. ತಿಂಗಳಾದ ಮೇಲೆ ಇದ್ದದ್ದು ಇದ್ದ ಹಾಗೆ ವರದಿ ಮಾಡಿದೆ.

"ಮುಂಚೆ ಹತ್ತು ನಿಮಿಷವೂ ಹೆಂಡತಿಯದೇ ಯೋಚನೆ ಬರುತ್ತಿತ್ತು. ಈಗ ಮೂರು ನಿಮಿಷ ಅವಳದು, ಏಳು ನಿಮಿಷ ಈರುಳ್ಳಿ ಸಾಂಬಾರಿನದು."

ನನ್ನ ಸೋಲನ್ನು ಒಪ್ಪಿಕೊಂಡೆ ಎಂದೇ ನಾನು ತಿಳಿದಿದ್ದೆ. ಗಾರ್ಡರು ತೊಡೆ ತಟ್ಟಿಕೊಂಡರು.

"ಏಳು ನಿಮಿಷ ದುಃಖ ಬಿಟ್ಟಿದೆ ಅಂತಾಯ್ತಲ್ರೀ! ಕೆಲಸ ಮಾಡ್ತಾ ಇದೆ, ಮುಂದುವರಿಸಿ!"

ನಶ್ಯ

ನಮ್ಮ ಹೆಡ್‌ಮಾಸ್ಟರಿಗೆ ನಶ್ಯದ ಚಟ. ಎಲ್ಲವನ್ನೂ ಬಿಡಲು ಸಿದ್ಧರಿದ್ದರು, ಅದೊಂದನ್ನು ಬಿಟ್ಟು.

"ನಶ್ಯ ಆಹಾರವೇ?" ಎಂದು ಕೇಳಿದರು.

ಗಾರ್ಡರು ಬಹಳ ಹೊತ್ತು ಯೋಚಿಸಿದರು. "ಬಾಯಿಂದ ಹೋಗೋದು ಆಹಾರ. ಮೂಗಿಂದ ಹೋಗೋದು ಪ್ರಾಣಾಯಾಮ."

ಅಂದಿನಿಂದ ಹೆಡ್‌ಮಾಸ್ಟರು ದಿನಕ್ಕೆ ಎಂಟು ಸಲ ಪ್ರಾಣಾಯಾಮ ಮಾಡತೊಡಗಿದರು.

ಪರದೇಶದ ಹಾಲು

ಆಗ ಶಾಲೆಯ ಮಕ್ಕಳಿಗೆಂದು ಪರದೇಶದಿಂದ ಹಾಲಿನ ಪುಡಿ ಚೀಲಗಟ್ಟಲೆ ಬರುತ್ತಿತ್ತು. ಹಾಲು ಸಾತ್ವಿಕ, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಇದು?

"ಆ ಹಸು ಏನು ತಿಂದಿರುತ್ತೋ ಯಾರಿಗೆ ಗೊತ್ತು?" ಎಂದರು ಪೋಸ್ಟ್‌ಮಾಸ್ಟರು.

"ಹಸು ಏನ್ ಸ್ವಾಮಿ ತಿನ್ನುತ್ತೆ? ಹುಲ್ಲು," ಎಂದರು ವ್ಯಾಪಾರಿಗಳಲ್ಲಿ ಒಬ್ಬರು.

"ಹುಲ್ಲು ಸರಿ ಕಣ್ರೀ. ಅದರ ಸ್ವಭಾವ? ಅಲ್ಲಿ ಹಸುವಿಗೆ ಯಾರಾದ್ರೂ ಅರಿಶಿನ ಕುಂಕುಮ ಹಚ್ತಾರಾ?"

ಪ್ರಯೋಗ ಮಾಡಿಯೇ ನೋಡಬೇಕೆಂದು ತೀರ್ಮಾನವಾಯಿತು. ಮಕ್ಕಳ ಪಾಲನ್ನು ಮುಟ್ಟಲು ನಾನು ಒಪ್ಪಲಿಲ್ಲ. ಚೀಲದ ತಳದಲ್ಲಿ ಗಟ್ಟಿಕಟ್ಟಿ, ಮಕ್ಕಳಿಗೆ ಕೊಡಬಾರದೆಂದು ತೆಗೆದಿಟ್ಟಿದ್ದ ಗಡ್ಡೆಗಳಿದ್ದವು. ಅವನ್ನೇ ಕುಟ್ಟಿ ಕಲಸಿದೆವು. ಗಾರ್ಡರು ಗುರುಗಳಾದ್ದರಿಂದ ಅರ್ಧ ಲೋಟ, ಉಳಿದವರು ಎರಡೆರಡು ಲೋಟ ಕುಡಿದು ಕೂತೆವು.

ಕಾಲು ಗಂಟೆಯೊಳಗೆ ಮೊದಲು ಪೋಸ್ಟ್‌ಮಾಸ್ಟರು, ಅವರ ಹಿಂದೆ ವ್ಯಾಪಾರಿಗಳು, ಆಮೇಲೆ ಹೆಡ್‌ಮಾಸ್ಟರು, ಕೊನೆಗೆ ನಾನು, ಒಬ್ಬೊಬ್ಬರಾಗಿ ತುದಿಗಾಲಲ್ಲಿ ಹೊರಗೆ ಹೋದೆವು. ಕೈಯಲ್ಲಿ ಚೊಂಬು, ದಾರಿ ಕೆರೆಯ ಕಡೆಗೆ. ಹಿಂತಿರುಗಿದಾಗ ಗಾರ್ಡರು ಬರಿಯ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಆಗ ತಾನೇ ಕಣ್ಣು ತೆರೆದಿದ್ದರು. ಮುಖದಲ್ಲಿ ಅಪಾರ ಸಂತೋಷ.

"ಹಾಲು ಸಾತ್ವಿಕವೇ ಕಣ್ರೀ," ಎಂದರು. "ಇಷ್ಟು ದಿನದಲ್ಲಿ ಇಂಥ ನಿಶ್ಶಬ್ದ ನಾನು ಕಂಡಿರಲಿಲ್ಲ."

ಉಪವಾಸ

ಐದು ತಿಂಗಳಾದರೂ ನನ್ನ ಹತ್ತು ನಿಮಿಷ ನನಗೆ ದಕ್ಕಿರಲಿಲ್ಲ. ಈರುಳ್ಳಿಯ ಆಸೆ ಸತ್ತಿತು. ಬಾವಿಕಟ್ಟೆ ಮತ್ತೆ ಬಂದು ಕೂತಿತು. ಗಾರ್ಡರು ಕೊನೆಯ ಉಪಾಯ ಹೇಳಿದರು. "ಶುಕ್ರವಾರ ರಾತ್ರಿಯಿಂದ ನೀರು ಬಿಟ್ಟು ಏನೂ ಬೇಡ. ಹೊಟ್ಟೆ ಖಾಲಿಯಾದ್ರೆ ಮನಸ್ಸೂ ಖಾಲಿ. ನಿಮ್ಮ ಜತೆ ನಾವೂ ಇರ್ತೀವಿ."

ಭಾನುವಾರ ಹನ್ನೊಂದು ಗಂಟೆಗೆ ಆರೂ ಜನ ಕಣ್ಣು ಮುಚ್ಚಿ ಕೂತಿದ್ದೆವು. ಬಾಗಿಲಲ್ಲಿ ಸದ್ದಾಯಿತು. ನೋಡಿದರೆ ಗೌಡರ ತಾಯಿ, ತಲೆಯ ಮೇಲೆ ಮಂಕರಿ. ಎರಡು ದಿನದಿಂದ ನನ್ನ ಒಲೆ ಹೊಗೆಯಾಡದ್ದನ್ನು ಆಕೆ ನೋಡಿಕೊಂಡಿದ್ದರು.

"ಮೇಷ್ಟ್ರನ್ನ ಉಪಾಸ ಕೆಡವಿರೋನು ಯಾವನು?"

ಗಾರ್ಡರು ಕಣ್ಣು ತೆರೆಯಲಿಲ್ಲ.

"ಎಂಡ್ತಿ ಓದ ಸಂಕಟಕ್ಕೆ ಆವಯ್ಯ ಅರ್ಧ ಆಗವ್ನೆ. ಮಿಕ್ಕರ್ಧಾನೂ ಕರಗಿಸಿಬಿಡ್ತೀಯೇನಯ್ಯಾ?"

"ಅಜ್ಜಿ, ಮೆಲ್ಲಗೆ. ಅವರು ಸಮಾಧೀಲಿದ್ದಾರೆ," ಎಂದು ಹೆಡ್‌ಮಾಸ್ಟರು ಪಿಸುಗುಟ್ಟಿದರು.

"ಇರ್ಲಿ ಬುಡಿ. ಮುದ್ದೆ ಅವನ ಮುಂದಿಕ್ಕಿರ್ತೀನಿ, ಎದ್ದಾಗ ತಿನ್ಲಿ."

ಅಜ್ಜಿ ಮಂಕರಿ ಇಳಿಸಿ ಗಾರ್ಡರ ಮೂಗಿನ ನೇರಕ್ಕೆ ಸಾರಿನ ಪಾತ್ರೆಯ ಮುಚ್ಚಳ ತೆಗೆದರು. ಬಿಸಿ ಮುದ್ದೆ, ಬಸ್ಸಾರು. ಕೋಣೆಯ ತುಂಬ ಘಮ. ಗಾರ್ಡರ ಮೂಗಿನ ಹೊಳ್ಳೆಗಳು ಎರಡು ಸಲ ಅರಳಿದವು. ಕಣ್ಣು ಮುಚ್ಚಿದಂತೆಯೇ ಕೇಳಿದರು.

"ತಾಯಿ, ಸೊಪ್ಪು ಯಾವುದು?"

"ದಂಟು."

"ಒಗ್ಗರಣೆಗೆ?"

"ಬೆಳ್ಳುಳ್ಳಿ. ಇಡೀ ಗಡ್ಡೆ ಜಜ್ಜಿ ಆಕಿವ್ನಿ."

ಗಾರ್ಡರು ಜೇಬಿಗೆ ಕೈಹಾಕಿ, ಧ್ಯಾನ ಮುಗಿಯಿತೆಂದು ಸೀಟಿ ಊದಿದರು.

ಆರೂ ಜನ ಉಂಡೆವು. ಗಾರ್ಡರದು ಎರಡು ಮುದ್ದೆ. ಅಜ್ಜಿ ನನ್ನ ಎಲೆಯ ಮುಂದೆ ಕೂತು, ಒಂದು ಮುಗಿಯುವ ಮೊದಲೇ ಇನ್ನೊಂದು ಇಕ್ಕಿದರು. ಕೈ ತೊಳೆದ ಮೇಲೆ ಗಾರ್ಡರು ಗಂಭೀರವಾದರು. "ಪರೀಕ್ಷೆ ಅಂದ್ಮೇಲೆ ಎರಡೂ ಕಡೆ ನೋಡ್ಬೇಕು. ಹೊಟ್ಟೆ ತುಂಬಿದಾಗ ಮನಸ್ಸು ಹೇಗಿರುತ್ತೆ ಅಂತಾನೂ ತಿಳೀಲಿ. ಕೂತ್ಕೊಳ್ಳಿ."

ಮುಕ್ಕಾಲು ಗಂಟೆಯೊಳಗೆ ಊಟ ಮುಗಿದಿತ್ತು. ಹನ್ನೆರಡಕ್ಕೆ ಸೀಟಿಯಾಯಿತು. ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವರು ಗಾರ್ಡರೇ. ಬಾಗಿಲಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಅಜ್ಜಿ, "ಓ, ಈಗ ಬಂತು ನೋಡು ಸಮಾದಿ," ಎಂದದ್ದು ಕೇಳಿಸಿತು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ತೆರೆದಾಗ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ.