ಆಮ್ಲಕ್ಕೆ ಮೂರು ಪಟ್ಟೆ ವಿಭೂತಿ

ಎಲ್ಲ ಶುರುವಾದದ್ದು ರೇವಣಸಿದ್ದಪ್ಪನವರ ಭಕ್ತಿಯಿಂದ. ಬಸವೇಶ್ವರನಗರದ ಆ ಖಾಸಗಿ ಹೈಸ್ಕೂಲಿನ ಕ್ಲರ್ಕ್ ಅವರು. ದಸರಾ ರಜೆಗೆ ಮುಂಚೆ ಆಯುಧಪೂಜೆ ಮಾಡಿ, ಲ್ಯಾಬಿನ ಒಂದೊಂದು ಬಾಟಲಿಗೂ ಮೂರು ಪಟ್ಟೆ ವಿಭೂತಿ ಬಳಿದರು. ಶಾಲೆ ತೆರೆದ ದಿನವೇ ಸುರಕ್ಷತಾ ತಪಾಸಣೆ ಅಂತ ಗೊತ್ತಾದಾಗ, ಒದ್ದೆ ಬಟ್ಟೆ ತಗೊಂಡು ಅದನ್ನೆಲ್ಲ ಉಜ್ಜಿದರು. ವಿಭೂತಿ ಹೋಯಿತು. ಶಾಯಿಯಲ್ಲಿ ಬರೆದಿದ್ದ ಹೆಸರುಗಳೂ ಜೊತೆಗೇ ಹೋದವು.

ಸಿಕ್ಕಿಹಾಕಿಕೊಂಡವನು ವಿಜ್ಞಾನದ ಮೇಷ್ಟ್ರು ಚನ್ನಕೇಶವ. ಜೂನ್‌ನಿಂದ ಟೆಂಪರರಿ. ಲ್ಯಾಬ್ ಇನ್‌ಚಾರ್ಜ್ ಅನ್ನೋ ಒಂದೇ ಒಂದು ಪರ್ಮನೆಂಟ್ ಹುದ್ದೆಯ ಆದೇಶ ಹೆಡ್‌ಮಿಸ್ಟ್ರೆಸ್ ಗಿರಿಜಾದೇವಿಯವರ ಡ್ರಾಯರಿನಲ್ಲಿತ್ತು, ತಪಾಸಣೆ ಸರಿಹೋದರೆ ಅವನ ಹೆಸರಿಗೆ. ಆ ಕಾಗದ ಕಣ್ಣಿಗೆ ಬೀಳುವತನಕ ಮದುವೆ ದಿನ ಗೊತ್ತುಮಾಡಲ್ಲ ಅಂತ ಅವನಿಗೆ ಗೊತ್ತಾಗಿದ್ದ ಹುಡುಗಿ ಕುಸುಮಾಳ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಪಾಪ, ಅವನು ಲ್ಯಾಬಿನೊಳಗೆ ಕಾಲಿಟ್ಟದ್ದೇ ತಪಾಸಣೆಯ ದಿನ. ಬೀಗದಕೈ ಗಿರಿಜಾದೇವಿಯವರ ಹತ್ತಿರ ಭದ್ರ. ಲ್ಯಾಬ್ ತೆಗೆಯೋದು ಪೂಜೆಗೆ ಮತ್ತು ತಪಾಸಣೆಗೆ. ಮಕ್ಕಳ ಪ್ರಯೋಗವೆಲ್ಲ ರೆಕಾರ್ಡ್ ಪುಸ್ತಕದಲ್ಲಿ, ಹಿಂದಿನ ವರ್ಷದ ಮಕ್ಕಳದನ್ನು ನೋಡಿಕೊಂಡು. ಫಲಿತಾಂಶ ನೂರಕ್ಕೆ ನೂರು ಬರ್ತಾ ಇತ್ತು.

ಹೆಸರಿಲ್ಲದ ಬಾಟಲಿ ಮುಟ್ಟಬಾರದು, ಅದು ಮೊದಲನೇ ನಿಯಮ ಅಂತ ಅವನು ಗೋಗರೆದ. ಗಿರಿಜಾದೇವಿ ಅಷ್ಟಕ್ಕೆಲ್ಲ ಬಗ್ಗುವವರಲ್ಲ. ಅಂದಾಜಿನ ಮೇಲೆ ಏನೋ ಒಂದು ಬರೆದು ಅಂಟಿಸಿ, ಬಂದವರೇನು ಮೂಸಿ ನೋಡ್ತಾರಾ ಅಂದರು.

ಚನ್ನಕೇಶವನಿಗೆ ಕೋಪ ಬಂತು. ಆದರೂ ಮೇಷ್ಟ್ರಲ್ಲವಾ, ಪರೀಕ್ಷೆ ಮಾಡಿಯೇ ಬರೀತೀನಿ ಅಂತ ಹಟ ಹಿಡಿದ. ಕನ್ನಡಕ ಕೊಡಿ ಅಂದರೆ ರೇವಣಸಿದ್ದಪ್ಪ ತಮ್ಮ ಓದುವ ಕನ್ನಡಕ ಕೊಟ್ಟರು. ಅದನ್ನು ವಾಪಸ್ ಕೊಟ್ಟು ತನ್ನ ಬೈಕಿನ ಹೆಲ್ಮೆಟ್ಟನ್ನೇ ಹಾಕಿಕೊಂಡ. ಲಿಟ್ಮಸ್ ಕಾಗದ ಇರಲಿಲ್ಲ. ಪೂಜೆ ತಟ್ಟೆಯಲ್ಲಿ ಅರಿಶಿನ ಇತ್ತು. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತೆ. ಆಮ್ಲ ಕಂಡುಹಿಡಿಯೋಕೆ ಎದುರುಗಡೆ ಬೋಂಡಾ ಅಂಗಡಿಯಿಂದ ಅಡುಗೆ ಸೋಡಾ ತರಿಸಿದ.

ಮೊದಲನೇ ಬಾಟಲಿಯ ಹನಿಗೆ ಅರಿಶಿನ ಕೆಂಪಾಗಲಿಲ್ಲ, ಸೋಡಾದಲ್ಲಿ ನೊರೆ ಬರಲಿಲ್ಲ. ಎರಡನೆಯದೂ ಅಷ್ಟೇ. ಇಪ್ಪತ್ತಮೂರು ಬಾಟಲಿ ಮುಗಿಯುವ ಹೊತ್ತಿಗೆ ಹೆಲ್ಮೆಟ್ಟಿನೊಳಗೆ ಬೆವರು ಸುರೀತಾ ಇತ್ತು, ತಾನು ಓದಿದ ವಿಜ್ಞಾನದ ಮೇಲೇ ಅನುಮಾನ ಬರ್ತಾ ಇತ್ತು.

ಬಾಗಿಲ ಹತ್ತಿರ ನಿಂತಿದ್ದ ಅಟೆಂಡರ್ ಭೈರೇಶ್, ಮೂವತ್ತರ ಆಳು, ಕೊನೆಗೆ ತಡೆಯಲಾರದೆ ಬಾಯಿಬಿಟ್ಟ.

"ಸುಮ್ನೆ ಯಾಕ್ ಒದ್ದಾಡ್ತೀರಾ ಸಾರ್? ಎಲ್ಲಾ ನೀರು. ಎಂಟು ವರ್ಷದ ಹಿಂದೆ ಆಸಿಡ್ ಬಿದ್ದು ಒಂದು ಮಗೂದು ಯೂನಿಫಾರ್ಮ್ ತೂತಾಗಿ ಗಲಾಟೆ ಆಯ್ತು. ಆವತ್ತಿಂದ ನಾನೇ ತುಂಬಿಸ್ತಾ ಇದೀನಿ. ಬೋರ್ ನೀರಲ್ಲ ಸಾರ್, ಕಾವೇರಿ."

ಅಷ್ಟರಲ್ಲಿ ತಪಾಸಣೆಯ ಲಕ್ಷ್ಮೀಪತಿ ಒಳಗೆ ಬಂದರು. ಹೆಲ್ಮೆಟ್ ಹಾಕಿದ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, ಇದರಲ್ಲಿ ಆಮ್ಲ ಯಾವುದು ಅಂತ ಕೇಳಿದರು. ಗಿರಿಜಾದೇವಿ ಕಣ್ಸನ್ನೆ ಮಾಡಿದರು. ಚನ್ನಕೇಶವನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಯಾವುದೂ ಅಲ್ಲ ಸಾರ್. ಎಂಟು ವರ್ಷದಿಂದ ಎಲ್ಲಾ ನೀರು."

ಲಕ್ಷ್ಮೀಪತಿಯವರ ಮುಖ ಅರಳಿತು. ಬೆಳಿಗ್ಗೆ ಹೋದ ಶಾಲೆಯಲ್ಲಿ ಏನೋ ಸಿಡಿದು ಅವರ ಅರ್ಧ ಹುಬ್ಬು ಹೋಗಿತ್ತು. ಎಂಟು ವರ್ಷ, ಒಂದೂ ಅಪಘಾತವಿಲ್ಲ. ಮಾದರಿ ಪ್ರಯೋಗಾಲಯ ಅಂತ ಬರೆದು, ಸೀಲು ಒತ್ತಿ, ಬೋಂಡಾ ತಿಂದು ಹೊರಟರು.

ಗಿರಿಜಾದೇವಿ ವರದಿಯನ್ನು ಎರಡು ಸಲ ಓದಿ, ಡ್ರಾಯರಿನಿಂದ ಆದೇಶ ತೆಗೆದರು. ಚನ್ನಕೇಶವ ಕೈ ಮುಂದೆ ಚಾಚಿದ.

"ನೀರಿರೋ ಲ್ಯಾಬ್‌ಗೆ ವಿಜ್ಞಾನದ ಮೇಷ್ಟ್ರು ಪರ್ಮನೆಂಟ್ ಯಾಕ್ರೀ? ಎಂಟು ವರ್ಷ ಕಾಪಾಡಿದೋನು ಭೈರೇಶ್ ಅಲ್ವಾ?" ಅಂದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಭೈರೇಶನ ಹೆಸರು ಬರೆದರು.

ಸಂಜೆ ಚನ್ನಕೇಶವ ಕುಸುಮಾಳ ಅಪ್ಪನಿಗೆ ಫೋನ್ ಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು. ಪ್ರಾಮಾಣಿಕತೆ ಮೆಚ್ಚಿದರೇನೋ ಅಂತ ಅವನಿಗೆ ಚೂರು ಆಸೆಯಾಯಿತು.

"ಅದೆಲ್ಲ ಇರಲಿ," ಅಂದರು ಅವರು. "ಆ ಭೈರೇಶ್‌ಗೆ ಮದುವೆ ಆಗಿದ್ಯಾ?"